ಹಳೆ ಬಸ್‌ಸ್ಟ್ಯಾಂಡಿನ ಜಾಗ ಕಲಿಸಿದ್ದು

ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ, ಬರೆಯುವುದು ನನ್ನ ಕಸುಬು. ಇಪ್ಪತ್ತೈದು ವರ್ಷಕ್ಕೂ ಮೇಲೆ ನಗರಸಭೆ, ನಗರಪಾಲಿಕೆ, ಸಾರಿಗೆ ಸಂಸ್ಥೆಗಳ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ತರಕಾರಿ ಮಾರುಕಟ್ಟೆ, ಕಸಾಯಿಖಾನೆ, ಈಜುಕೊಳ, ಸ್ಮಶಾನದ ಕಾಂಪೌಂಡು ಹೀಗೆ ಎಲ್ಲದಕ್ಕೂ ವರದಿ ಕೊಟ್ಟಿದ್ದೇನೆ. ಆದರೆ ನನ್ನ ಸೊಕ್ಕು ಇಳಿಸಿದ್ದು ಊರ ನಡುವಿನ ಹಳೆ ಬಸ್‌ಸ್ಟ್ಯಾಂಡಿನ ಜಾಗಗಳು. ಬೈಪಾಸಿನ ಕಡೆ ಹೊಸ ನಿಲ್ದಾಣ ಆಗುತ್ತದೆ, ಹಳೆಯದರ ಗೇಟಿಗೆ ಬೀಗ ಬೀಳುತ್ತದೆ. ಎರಡು ಎಕರೆ ಬಂಗಾರದಂಥ ನೆಲ ಖಾಲಿ ಬಿತ್ತಲ್ಲ ಎಂದು ಊರಿನ ಕಣ್ಣೆಲ್ಲ ಅದರ ಮೇಲೆ. ಆಗ ನಮ್ಮಂಥವರಿಗೆ ಫೋನ್ ಬರುತ್ತದೆ.

ಕೆಳಗಿನ ಪಾಠಗಳಲ್ಲಿ ಹೆಚ್ಚಿನವು ಒಂದೇ ಊರಿನವು. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ ಅಂದುಕೊಳ್ಳಿ. ಹೆಸರು ಬೇಡ. ಅಲ್ಲಿ ಆದ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

1. ಬಸ್ಸು ಹೋಯಿತು ಎಂದು ಕಡತ ಹೇಳುತ್ತದೆ, ಜನರ ಕಾಲು ಹೇಳುವುದಿಲ್ಲ

ಆ ಊರಿನಲ್ಲಿ ನಾನು ಜಾಗ ನೋಡಲು ಹೋದಾಗ ಹಳೆ ನಿಲ್ದಾಣ ಮುಚ್ಚಿ ಆರು ವರ್ಷ ಆಗಿತ್ತು. ಪ್ಲಾಟ್‌ಫಾರಂ ಮೇಲೆ ಹುಲ್ಲು, ಸಂಚಾರ ನಿಯಂತ್ರಕ (ಟಿಸಿ) ಕೂರುತ್ತಿದ್ದ ಕೋಣೆಯ ಕಿಟಕಿಗೆ ಜೇಡರ ಬಲೆ. ‘ಉಪಯೋಗವಿಲ್ಲದ ನಿವೇಶನ’ ಎಂದು ಟಿಪ್ಪಣಿ ಬರೆದುಕೊಂಡು ಲಾಡ್ಜಿಗೆ ಹೋದೆ. ಮಾರನೆ ದಿನ ಬೆಳಿಗ್ಗೆ ಆರಕ್ಕೆ ಕಾಫಿ ಕುಡಿಯಲು ಅದೇ ಕಡೆ ಬಂದರೆ, ಮುಚ್ಚಿದ ಗೇಟಿನ ಎದುರು ರಸ್ತೆಯಲ್ಲೇ ಹಳ್ಳಿ ಬಸ್ಸುಗಳು ನಿಂತಿವೆ! ಹಾಲಿನ ಕ್ಯಾನು, ಸೊಪ್ಪಿನ ಕಟ್ಟು, ಆಸ್ಪತ್ರೆಗೆ ಬಂದ ಮುದುಕರು, ಕಾಲೇಜು ಹುಡುಗಿಯರು ಎಲ್ಲರೂ ಅಲ್ಲೇ ಇಳಿಯುತ್ತಿದ್ದಾರೆ. ಒಬ್ಬ ಕಂಡಕ್ಟರನ್ನು ಕೇಳಿದೆ, ‘ಇಲ್ಲಿ ಸ್ಟಾಪ್ ಇದೆಯೇನಪ್ಪ?’ ‘ಸ್ಟಾಪ್ ಇಲ್ಲ ಸಾರ್. ಜನ ಇಳೀತಾರೆ, ನಾವು ನಿಲ್ಲಿಸ್ತೀವಿ’ ಅಂದ.

ಕಾರಣ ಸರಳ. ಸಂತೆ, ತಾಲೂಕು ಕಚೇರಿ, ಕೋರ್ಟು, ಸರ್ಕಾರಿ ಆಸ್ಪತ್ರೆ, ಬಟ್ಟೆ ಅಂಗಡಿ ಇವೆಲ್ಲ ನಾಲ್ಕೈದು ದಶಕಗಳಿಂದ ಆ ನಿಲ್ದಾಣವನ್ನು ನೋಡಿಕೊಂಡೇ ಬೆಳೆದಿದ್ದವು. ಬಸ್ಸನ್ನು ಎತ್ತಿ ಬೈಪಾಸಿಗೆ ಹಾಕಿದರೆ ಕೋರ್ಟು ಹಿಂದೆಯೇ ಹೊರಡುತ್ತದೆಯೇ? ಚೆನ್ನೈಯಲ್ಲಿ ದೂರದ ಊರಿನ ಬಸ್ಸುಗಳನ್ನು ಬ್ರಾಡ್‌ವೇಯಿಂದ 2002ರ ನವೆಂಬರಿನಲ್ಲಿ ಕೋಯಂಬೇಡಿಗೆ ಸಾಗಿಸಿದರು. ಆದರೂ ಬ್ರಾಡ್‌ವೇ ನಗರ ಬಸ್ಸುಗಳ ನಿಲ್ದಾಣವಾಗಿಯೇ ಉಳಿಯಿತು. ಅಲ್ಲಿನ ಪ್ಯಾರೀಸ್ ಕಾರ್ನರಿನ ವ್ಯಾಪಾರಕ್ಕೆ ಬರುವವರು ಬರುತ್ತಲೇ ಇದ್ದರು.

ಹಾಗಾಗಿ ಈಗ ನಾನು ಮಾಡುವ ಮೊದಲ ಕೆಲಸ ಅಳತೆ ಪಟ್ಟಿ ಹಿಡಿಯುವುದಲ್ಲ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಕೊನೆ ಬಸ್ಸಿನ ತನಕ, ಒಂದು ಸಂತೆ ದಿನ, ಒಂದು ಸಾದಾ ದಿನ, ಎದುರಿನ ಹೋಟೆಲಿನ ಕಟ್ಟೆ ಮೇಲೆ ಕೂತು ನೋಡುವುದು. ಯಾರು ಎಲ್ಲಿಂದ ಬಂದು ಎಲ್ಲಿಗೆ ಹಾಯ್ದು ಹೋಗುತ್ತಾರೆ ಎಂದು ಗೆರೆ ಎಳೆದುಕೊಳ್ಳುವುದು. ಹಳೆ ನಿಲ್ದಾಣದ ಕಾಂಪೌಂಡಿನಲ್ಲಿ ಯಾರೋ ಇಟ್ಟಿಗೆ ಕಿತ್ತು ದಾರಿ ಮಾಡಿಕೊಂಡಿರುತ್ತಾರೆ. ಆ ಸಂದೇ ಊರು ತನಗೆ ಬೇಕಾದ ಕಡೆ ಇಟ್ಟುಕೊಂಡಿರುವ ಬಾಗಿಲು. ಹೊಸ ಕಟ್ಟಡದ ಬಾಗಿಲೂ ಅಲ್ಲೇ ಇರಬೇಕು.

2. ಆರ್‌ಟಿಸಿ ಕೇಳಿ, ಎರಡೂ ಅರ್ಥದಲ್ಲಿ

ನಮ್ಮ ರಾಜ್ಯದಲ್ಲಿ ಆರ್‌ಟಿಸಿ ಅಂದರೆ ಪಹಣಿಯೂ ಹೌದು, ರಸ್ತೆ ಸಾರಿಗೆ ನಿಗಮವೂ ಹೌದು. ಬಸ್‌ಸ್ಟ್ಯಾಂಡಿನ ವಿಷಯದಲ್ಲಿ ಒಂದರ ಆರ್‌ಟಿಸಿಯನ್ನು ಇನ್ನೊಂದರ ಆರ್‌ಟಿಸಿಯೊಂದಿಗೆ ತಾಳೆ ಹಾಕುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ. ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಶುರುವಾದದ್ದು 1948ರಲ್ಲಿ. ಅದು ನಿಗಮವಾದದ್ದು 1961ರಲ್ಲಿ. 1997ರಲ್ಲಿ ಬೆಂಗಳೂರಿನದು, ವಾಯವ್ಯದ್ದು ಬೇರೆಯಾದವು. 2000ದಲ್ಲಿ ಈಶಾನ್ಯದ್ದು ಬೇರೆಯಾಯಿತು, ಈಗ ಅದು ಕಲ್ಯಾಣ ಕರ್ನಾಟಕ. ಪ್ರತಿ ಪಾಲಿಗೂ ಬಸ್ಸು, ಡಿಪೋ, ಸಿಬ್ಬಂದಿ ಲೆಕ್ಕವಾಗಿ ಹಂಚಿಕೆಯಾದರೂ ಮೂಲೆಯ ನಾಲ್ಕು ಗುಂಟೆ ಯಾರ ಹೆಸರಿಗೂ ಬಂದಿರುವುದಿಲ್ಲ.

ನಮ್ಮ ಊರಿನ ಜಾಗದಲ್ಲಿ ಮುಂಭಾಗ ನಗರಸಭೆಯದು, ಹಿಂಭಾಗ ಸಾರಿಗೆಯವರದು, ನಡುವೆ ಒಂದು ಪಟ್ಟಿ ‘ಸರ್ಕಾರಿ ಕೆರೆ ಅಂಗಳ’ ಎಂದೇ ಇತ್ತು. ಆ ಮೂರು ಪದಗಳನ್ನು ನಾವು ಮೂವರು ಇಂಜಿನಿಯರುಗಳು ಓದಿದೆವು, ಮೂವರೂ ಮುಂದಕ್ಕೆ ಪುಟ ತಿರುವಿದೆವು. ಅದರ ಫಲ ಮುಂದಿನ ಪಾಠದಲ್ಲಿದೆ.

ಇನ್ನೊಂದು ಮಾತು. ಮಹಾಯೋಜನೆಯ ನಕ್ಷೆಯಲ್ಲಿ ಆ ಜಾಗ ‘ಸಂಚಾರ ಮತ್ತು ಸಾರಿಗೆ’ ಬಣ್ಣದಲ್ಲಿರುತ್ತದೆ. ಅದನ್ನು ವಾಣಿಜ್ಯಕ್ಕೆ ತಿರುಗಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕಾರ ಭೂ ಉಪಯೋಗ ಬದಲಾವಣೆ ಆಗಬೇಕು, ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಟೆಂಡರ್ ಕರೆದ ಮೇಲೆ ಇದು ನೆನಪಾದ ಊರುಗಳನ್ನು ನಾನು ಬಲ್ಲೆ.

3. ಬಸ್‌ಸ್ಟ್ಯಾಂಡಿನ ಕೆಳಗೆ ಕೆರೆ ಇರುತ್ತದೆ

ಇದನ್ನು ನಿಯಮವೆಂದೇ ಹಿಡಿಯಿರಿ, ಇಲ್ಲದಿದ್ದರೆ ಸಂತೋಷಪಡಿ. ಬೆಂಗಳೂರಿನ ಮೆಜೆಸ್ಟಿಕ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪೇಟೆಗೆ ನೀರು ಕೊಟ್ಟ ಕೆರೆ ಅದು. ನಲ್ಲಿ ನೀರು ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲದಾಯಿತು, ಒಣಗಿತು. ಸುಭಾಷ್‌ನಗರದ ಮೈದಾನವಾಯಿತು, ಸಭೆ, ವಸ್ತುಪ್ರದರ್ಶನಗಳಿಗೆ ಒದಗಿತು, ಕೊನೆಗೆ ಬಸ್ಸು ಬಂತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದೂ ಇದೇ ಜಾಡಿನಲ್ಲಿ. ಚಿಕ್ಕ ಊರುಗಳಲ್ಲೂ ಕಥೆ ಇದೇ. ಐವತ್ತು, ಅರವತ್ತರ ದಶಕದಲ್ಲಿ ಬಸ್ಸುಗಳಿಗೆ ಜಾಗ ಬೇಕೆಂದಾಗ ಪೇಟೆಯ ಮಗ್ಗುಲಲ್ಲಿ ದುಡ್ಡು ಕೊಡದೆ ಸಿಗುವ ದೊಡ್ಡ ಸರ್ಕಾರಿ ಜಾಗ ಹೂಳು ತುಂಬಿದ ಕೆರೆಯೊಂದೇ. ಬಸ್ಸು ನಿಲ್ಲಲು ಅದು ಸಾಕಿತ್ತು. ತಗಡಿನ ಚಾವಣಿ, ನಾಲ್ಕು ಕಂಬ, ಮೇಲೆ ಡಾಂಬರು. ಆ ಹಗುರ ಕಟ್ಟಡ ನೆಲವನ್ನು ಯಾವತ್ತೂ ಪರೀಕ್ಷೆಗೆ ಒಡ್ಡಲಿಲ್ಲ.

ನಾವು ಒಡ್ಡಿದೆವು. ಐದು ಮಹಡಿ, ಎರಡು ನೆಲಮಾಳಿಗೆ.

ಮಣ್ಣು ಪರೀಕ್ಷೆಗೆ ವರದಿಯಲ್ಲಿ ಎರಡೇ ಬೋರ್ ಇಟ್ಟಿದ್ದೆ, ದುಡ್ಡು ಉಳಿಸಲು. ಎರಡೂ ಗೇಟಿನ ಹತ್ತಿರ, ಲಾರಿ ಹೋಗಲು ಸಲೀಸಾದ ಕಡೆ. ಅಲ್ಲಿ ಗಟ್ಟಿ ಮುರ್ರಂ ಸಿಕ್ಕಿತು, ಖುಷಿಯಾದೆವು. ಅದು ಹಳೆ ಕೆರೆಯ ಏರಿ ಎಂದು ಆಮೇಲೆ ತಿಳಿಯಿತು! ಏರಿಯ ಮೇಲೆ ತೂತು ಕೊರೆದು ಕೆರೆಯೊಳಗೆ ಕಟ್ಟಡ ಎಬ್ಬಿಸಲು ಹೊರಟಿದ್ದೆವು.

ಕೆಲಸ ಶುರುವಾಗುವ ಮುಂಚೆ ಗುತ್ತಿಗೆದಾರರ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಅನುಮಾನಪಟ್ಟು ನಡುವೆಯೂ ಕೊರೆಸಿದರು. ಆ ದಿನ ನಾನು ಅಲ್ಲಿದ್ದೆ. ಈ ಪರೀಕ್ಷೆಯಲ್ಲಿ 63.5 ಕಿಲೋ ತೂಕದ ಗುಂಡನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಎಂದು ಎಣಿಸುತ್ತಾರೆ. ಗಟ್ಟಿ ನೆಲದಲ್ಲಿ ಮೂವತ್ತು, ನಲವತ್ತು ಪೆಟ್ಟು ಬೇಕಾಗುತ್ತದೆ. ಇಲ್ಲಿ ಹುಡುಗ ‘ಒಂದು, ಎರಡು’ ಎಂದು ಎಣಿಸಿ ಮೂರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೊಳವೆ ತಾನಾಗಿ ಇಳಿದುಹೋಯಿತು. ಮೇಲೆ ಎಳೆದು ಬಿಡಿಸಿದರೆ ಕರ್ರಗೆ, ನುಣ್ಣಗೆ, ಕೊಳೆತ ಎಲೆಯ ವಾಸನೆಯ ಜೇಡಿ. ಅದರೊಳಗೆ ಉಗುರಿನಷ್ಟಗಲದ ಬಿಳಿ ಬಸವನಹುಳುವಿನ ಚಿಪ್ಪುಗಳು. ಮೇಸ್ತ್ರಿ ಒಂದನ್ನು ಅಂಗೈಯಲ್ಲಿಟ್ಟು ತೋರಿಸಿ, ‘ನೋಡಿ ಸಾರ್, ಇದರ ಮನೆ’ ಎಂದರು. ಆ ಚಿಪ್ಪು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಅಡಿಪಾಯ ಪೈಲ್‌ಗೆ ಬದಲಾಯಿತು. ಅಂದಾಜು ಪಟ್ಟಿ ತಿದ್ದಬೇಕಾಯಿತು, ತಿದ್ದಿದ ಅಂದಾಜಿಗೆ ಮತ್ತೆ ಮಂಜೂರಾತಿ ಬೇಕಾಯಿತು, ಅಷ್ಟರಲ್ಲಿ ಮಳೆಗಾಲ ಬಂತು. ಅಗೆದ ಗುಂಡಿಯಲ್ಲಿ ನೀರು ನಿಂತಿತು. ಪಂಪು ಹಚ್ಚಿ ಹೊರಗೆ ಹಾಕಿದಷ್ಟೂ ಒಳಗೆ ಬರುತ್ತಿತ್ತು, ಏಕೆಂದರೆ ಜಾಗದ ಅಡಿಯಲ್ಲಿ ಕಲ್ಲು ಕಟ್ಟಿದ ಹಳೆ ರಾಜಕಾಲುವೆಯೊಂದು ಜೀವಂತವಾಗಿ ಹರಿಯುತ್ತಿತ್ತು. ಪಕ್ಕದ ಅಂಗಡಿ ಸಾಲಿನ ಗೋಡೆ ಬಿರುಕು ಬಿಟ್ಟಿತು. ವ್ಯಾಪಾರಿಗಳು ಕೋರ್ಟಿಗೆ ಹೋದರು.

ಈಗ ನನ್ನ ಕಟ್ಟುನಿಟ್ಟು ಏನೆಂದರೆ, ಮೊದಲು ಊರಿನ ಹಳೆ ಸರ್ವೆ ನಕ್ಷೆ ತೆಗೆಸಿ ಕೆರೆ, ಕಾಲುವೆ ಗುರುತಿಸಿ, ಆಮೇಲೆ ಬೋರಿನ ಜಾಗ ನಿಗದಿ ಮಾಡಿ. ಬೋರಿಗೆ ಕೊಟ್ಟ ದುಡ್ಡು ಯಾವತ್ತೂ ದಂಡವಲ್ಲ. ನಕ್ಷೆ ಸಿಗದಿದ್ದರೆ ಎಪ್ಪತ್ತು ದಾಟಿದ ಒಬ್ಬರನ್ನು ಹಿಡಿದು ‘ಇಲ್ಲಿ ಮೊದಲು ಏನಿತ್ತಜ್ಜ?’ ಎಂದು ಕೇಳಿ. ಅದಕ್ಕೆ ಟೆಂಡರ್ ಬೇಡ.

4. ಡೀಸೆಲ್ ಕುಡಿದ ಮಣ್ಣು

ನಿಲ್ದಾಣದ ಹಿಂದೆ ಡಿಪೋ ಇದ್ದರೆ ನೆಲದಡಿ ಟ್ಯಾಂಕು, ಪಿಟ್ಟು, ದಶಕಗಳ ಆಯಿಲು ಇರುತ್ತದೆ. ಅಗೆದ ಮಣ್ಣನ್ನು ಎಲ್ಲಿಗೆ ಸಾಗಿಸುತ್ತೀರಿ, ಯಾರ ಬಾವಿಯ ಪಕ್ಕ ಸುರಿಯುತ್ತೀರಿ ಎಂಬುದನ್ನು ಅಂದಾಜು ಪಟ್ಟಿಯಲ್ಲೇ ಬರೆಯಿರಿ. ನಾವು ಬರೆದಿರಲಿಲ್ಲ. ಟ್ರ್ಯಾಕ್ಟರಿನವರು ರಾತ್ರಿ ಹೊತ್ತು ಹತ್ತಿರದ ಹಳ್ಳದಲ್ಲಿ ಸುರಿದು ಬಂದರು. ಅದು ನನ್ನ ತಲೆ ಮೇಲಿನ ಪಾಪ.

5. ಕಾರಿನ ಗುಂಡಿಗೆ ಅವಸರ ಬೇಡ

ಹಳೆ ಬಸ್‌ಸ್ಟ್ಯಾಂಡಿಗೆ ಎಲ್ಲ ಊರೂ ಮೊದಲು ಯೋಚಿಸುವುದು ಬಹುಮಹಡಿ ಕಾರ್ ಪಾರ್ಕಿಂಗ್. ಮಂಗಳೂರಿನ ಹಂಪನಕಟ್ಟೆಯನ್ನೇ ನೋಡಿ. ಸರ್ವೀಸ್ ಬಸ್ಸುಗಳು ಅಲ್ಲಿಂದ ಸ್ಟೇಟ್‌ಬ್ಯಾಂಕಿನ ಕಡೆ ಹೋಗಿ ಒಂದು ತಲೆಮಾರೇ ಆಗಿದೆ. ಹೆಸರು ಮಾತ್ರ ಇವತ್ತಿಗೂ ‘ಹಳೆ ಬಸ್‌ಸ್ಟ್ಯಾಂಡ್’. ಜಾಗ ವರ್ಷಗಟ್ಟಲೆ ಬಯಲು ಪಾರ್ಕಿಂಗ್ ಆಗಿತ್ತು. ಸ್ಮಾರ್ಟ್ ಸಿಟಿ ಕಾಲದಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಲು ಅಗೆದರು. ಕೆಲಸ ನಿಂತು, ಊರ ನಟ್ಟನಡುವೆ ದೊಡ್ಡ ಗುಂಡಿ ಹಲವು ಮಳೆಗಾಲ ಬಾಯಿ ತೆರೆದುಕೊಂಡೇ ಇತ್ತು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಬಾಯಿ ತೆರೆದ ಗುಂಡಿ ಅಂದರೆ ಏನೆಂದು ಬೇರೆ ಹೇಳಬೇಕಿಲ್ಲ.

ನಾನು ಸಭೆಗಳಲ್ಲಿ ಸೀಮೆಸುಣ್ಣ ಹಿಡಿದು ಮಾಡುವ ಲೆಕ್ಕ ಇದು. ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಇಳಿಜಾರು, ಓಡಾಟದ ಜಾಗ ಸೇರಿ ಸುಮಾರು 32 ಚದರ ಮೀಟರ್ ಬೇಕು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಕಂಬ, ಲಿಫ್ಟು, ಮೆಟ್ಟಿಲು ಏನನ್ನೂ ಕಳೆಯದಿದ್ದರೂ ಒಂದು ಮಹಡಿಗೆ ನೂರಿಪ್ಪತ್ತಾರು ಕಾರು. ಬಟ್ಟೆ ಕೊಳ್ಳಲು ಬಂದವರ ಕಾರು ಎರಡು ಗಂಟೆ ನಿಲ್ಲುತ್ತದೆ. ಅದೇ ನೆಲದ ಮೇಲೆ ಒಂದು ಬಸ್ ಬೇ ಇದ್ದರೆ, ಹತ್ತು ನಿಮಿಷಕ್ಕೊಂದು ಬಸ್ಸು, ಐವತ್ತು ಜನ ಎಂದರೂ ಗಂಟೆಗೆ ಮುನ್ನೂರು ಮಂದಿ ಒಂದು ಬೇಯಿಂದ ಪೇಟೆಗೆ ಇಳಿಯುತ್ತಾರೆ. ಅಂಗಡಿಯವರು ಕೊನೆಗೂ ಕೇಳುವುದು ಗಿರಾಕಿಯನ್ನು, ಕಾರನ್ನಲ್ಲ. ಈ ಲೆಕ್ಕ ಹಾಕಿದಾಗ ವ್ಯಾಪಾರಿ ಸಂಘದವರು ಸುಮ್ಮನಾಗುತ್ತಾರೆ. ಕೌನ್ಸಿಲರುಗಳು ಸುಮ್ಮನಾಗುವುದಿಲ್ಲ, ಅವರು ಬರುವುದೇ ಕಾರಿನಲ್ಲಿ.

6. ಮೆಟ್ಟಿಲಿನ ಮೇಲೆ ಬಾಡಿಗೆ ಕಳೆದುಹೋಗುತ್ತದೆ

ನೆಲ ಅಂತಸ್ತಿನ ಬಾಡಿಗೆಯನ್ನೇ ಮೇಲಿನ ಮಹಡಿಗಳಿಗೂ ಹಿಡಿದು, ಅದನ್ನು ಮಹಡಿಯ ಸಂಖ್ಯೆಯಿಂದ ಗುಣಿಸಿ ‘ಯೋಜನೆ ಲಾಭದಾಯಕ’ ಎಂದು ಬರೆಯುವುದು ನಮ್ಮ ಕಸುಬಿನ ಹಳೆ ಚಟ. ಬೆಂಗಳೂರಿನಲ್ಲಿ ಕೇಂದ್ರದ ನಗರ ನವೀಕರಣ ಯೋಜನೆಯಾದ ಜೆನರ್ಮ್ ಹಣದಲ್ಲಿ ಬಿಎಂಟಿಸಿಯು ಟಿಟಿಎಂಸಿ ಎಂಬ ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು ಕಟ್ಟಿತು, ಶಾಂತಿನಗರ, ಯಶವಂತಪುರ, ಜಯನಗರ, ವಿಜಯನಗರ, ದೊಮ್ಮಲೂರು, ಕೆಂಗೇರಿ ಹೀಗೆ. ಕೆಳಗೆ ಬಸ್ಸು, ಮೇಲೆ ವಾಣಿಜ್ಯ, ಬಾಡಿಗೆಯಿಂದ ಬಸ್ಸು ಓಡಿಸೋಣ ಎಂಬ ಆಲೋಚನೆ ಕಾಗದದ ಮೇಲೆ ಚೆನ್ನಾಗಿತ್ತು. ಹಲವೆಡೆ ಮೇಲಿನ ಜಾಗ ವರ್ಷಗಟ್ಟಲೆ ಗಿರಾಕಿಯಿಲ್ಲದೆ ಉಳಿಯಿತು. ಶಾಂತಿನಗರದಲ್ಲಿ ಬಾಡಿಗೆಗೆ ಬಂದವರಲ್ಲಿ ಸರ್ಕಾರಿ ಕಚೇರಿಗಳೇ ಮುಖ್ಯ, ಸಾರಿಗೆ ಆಯುಕ್ತರ ಕಚೇರಿಯೂ ಅಲ್ಲಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಬಾಡಿಗೆಯನ್ನು ಲಾಭ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಬಸ್ಸಿಗೆ ಕಾಯುವವನು ಕಣ್ಣಳತೆಯಿಂದ ಬಸ್ಸನ್ನು ಬಿಡುವುದಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು, ಕಿವಿ ಕಂಡಕ್ಟರನ ಕೂಗಿನ ಕಡೆ. ಅವನು ಬಾಳೆಹಣ್ಣು ಕೊಳ್ಳುತ್ತಾನೆ, ಬನ್ನು ಕೊಳ್ಳುತ್ತಾನೆ, ಮೊಬೈಲಿಗೆ ಚಾರ್ಜರ್ ಕೊಳ್ಳುತ್ತಾನೆ, ಎಲ್ಲ ಹತ್ತು ಹೆಜ್ಜೆಯೊಳಗೆ. ಎರಡನೇ ಮಹಡಿಯ ಬ್ರ್ಯಾಂಡ್ ಅಂಗಡಿಗೆ ಅವನು ಹತ್ತುವುದಿಲ್ಲ, ಎಸ್ಕಲೇಟರ್ ಹಾಕಿದರೂ. ಮೇಲೆ ಏನಾದರೂ ಇಡುವುದಿದ್ದರೆ ಜನ ಬಸ್ಸಿನ ಚಿಂತೆ ಬಿಟ್ಟು ತಾವಾಗಿ ಹುಡುಕಿಕೊಂಡು ಬರುವಂಥದ್ದನ್ನು ಇಡಿ, ಗ್ರಂಥಾಲಯ, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್, ಕೋಚಿಂಗ್ ಕ್ಲಾಸು, ಸಬ್‌ರಿಜಿಸ್ಟ್ರಾರ್ ಕಚೇರಿ.

7. ಕಂಬವನ್ನು ಡ್ರೈವರನ ಕೈಲಿ ಇಡಿಸಿ

ವಾಸ್ತುಶಿಲ್ಪಿಗೆ ಅಂಗಡಿಯ ಅಳತೆ ಗೊತ್ತು, ಕಾರಿನ ಅಳತೆ ಗೊತ್ತು. ಎಂಟೆಂಟು ಮೀಟರಿಗೆ ಕಂಬ ನೆಟ್ಟುಕೊಂಡು ಹೋಗುತ್ತಾರೆ. ಬಸ್ಸು 12 ಮೀಟರ್ ಉದ್ದ, ಎರಡೂವರೆಗೆ ಸ್ವಲ್ಪ ಮೇಲೆ ಅಗಲ, ತಿರುಗಲು ಹನ್ನೆರಡು ಮೀಟರಿನ ಆಸುಪಾಸು ತ್ರಿಜ್ಯ ಬೇಕು. ಹಿಂದಿನ ಚಕ್ರ ಮುಂದಿನದರ ಜಾಡು ಬಿಟ್ಟು ಒಳಕ್ಕೆ ಕತ್ತರಿಸುತ್ತದೆ, ಹಿಂಭಾಗದ ಮೂಲೆ ಹೊರಕ್ಕೆ ಬೀಸುತ್ತದೆ.

ನಮ್ಮ ಊರಿನಲ್ಲಿ ಯೋಜನೆ ತಿದ್ದುಪಡಿಯಾಗಿ ನೆಲ ಅಂತಸ್ತಿಗೆ ಹಳ್ಳಿ ಬಸ್ಸುಗಳನ್ನು ವಾಪಸ್ ತರುವುದೆಂದು ತೀರ್ಮಾನವಾದಾಗ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಬಯಲಿನಲ್ಲಿ ಸುಣ್ಣದ ಪುಡಿ ಹಾಕಿಸಿ ಡ್ರಾಯಿಂಗನ್ನು ನಿಜ ಅಳತೆಯಲ್ಲಿ ಬಿಡಿಸಿದೆ. ಕಂಬ ಬರುವ ಕಡೆ ಒಂದೊಂದು ಖಾಲಿ ಡಾಂಬರ್ ಡ್ರಂ. ಡಿಪೋ ಮ್ಯಾನೇಜರಿಗೆ ಹೇಳಿ ಒಂದು ಬಸ್ಸು, ಮೂವತ್ತು ವರ್ಷ ಸರ್ವೀಸಿನ ಒಬ್ಬ ಡ್ರೈವರನ್ನು ಕರೆಸಿದೆ. ಅವರು ಬೀಡಿ ಆರಿಸಿ, ಸುತ್ತ ಒಮ್ಮೆ ನಡೆದು ನೋಡಿ, ಬಸ್ಸು ಹತ್ತಿದರು. ಮೂರನೇ ಬೇಗೆ ಹೋಗುವಷ್ಟರಲ್ಲಿ ಎರಡು ಡ್ರಂ ಉರುಳಿದವು. ಇಳಿದು ಬಂದು ಹೇಳಿದರು, ‘ಸ್ವಾಮಿ, ಇದು ಡ್ರಂ ಆದ್ದರಿಂದ ಸರಿ. ನಾಳೆ ಕಂಬ ಇದ್ರೆ ನನ್ ಸಂಬಳದಲ್ಲಿ ಕಟ್ ಮಾಡ್ತಾರೆ.’ ಆಮೇಲೆ ಡ್ರಂಗಳನ್ನು ತಾವೇ ಕಾಲಿನಿಂದ ತಳ್ಳಿ ತಳ್ಳಿ ಎಲ್ಲಿದ್ದರೆ ಸರಿ ಎಂದು ತೋರಿಸಿದರು. ಆ ಕಟ್ಟಡದ ಕಂಬಗಳು ಇವತ್ತು ಇರುವುದು ಅವರು ತೋರಿಸಿದ ಕಡೆ. ಶಿಲಾಫಲಕದಲ್ಲಿ ನಲವತ್ತು ಹೆಸರಿವೆ, ಅವರದಿಲ್ಲ.

8. ‘ತಾತ್ಕಾಲಿಕ’ ಎಂಬ ಪದಕ್ಕೆ ಗಟ್ಟಿ ಚಾವಣಿ ಹಾಕಿ

ಕಳಾಸಿಪಾಳ್ಯದ ಬಿಎಂಟಿಸಿ ನಿಲ್ದಾಣದ ಕೆಲಸ ಆರಂಭವಾದದ್ದು 2016ರಲ್ಲಿ, ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ನಡುವಿನ ಏಳು ವರ್ಷ ಪ್ರಯಾಣಿಕರು ಎಲ್ಲಿ ನಿಂತರು? ಕೆಸರಿನಲ್ಲಿ, ದೂಳಿನಲ್ಲಿ, ಲಾರಿಗಳ ನಡುವೆ.

ಅಮೆರಿಕದಲ್ಲಿ ಮಗಳ ಮನೆಗೆ ಹೋದಾಗ ಸ್ಯಾನ್‌ಫ್ರಾನ್ಸಿಸ್ಕೋದ ಟ್ರಾನ್ಸ್‌ಬೇ ನಿಲ್ದಾಣದ ಜಾಗವನ್ನು ಒಂದಿಡೀ ದಿನ ಸುತ್ತಿದೆ. ಮಗಳಿಗೆ ಗೋಲ್ಡನ್ ಗೇಟ್ ತೋರಿಸುವ ಆಸೆ, ನನಗೆ ಬಸ್‌ಸ್ಟ್ಯಾಂಡು. 1939ರಲ್ಲಿ ಬೇ ಸೇತುವೆಯ ಮೇಲಿನ ರೈಲುಗಳಿಗೆಂದು ಕಟ್ಟಿದ್ದು, 1959ರಿಂದ ಬಸ್ಸುಗಳದಾಯಿತು. 1989ರ ಭೂಕಂಪದ ನಂತರ ಅದನ್ನು ಕೆಡವಿ ಕಟ್ಟುವ ಚರ್ಚೆ ನಡೆಯುತ್ತ ನಡೆಯುತ್ತ 2010ರ ಆಗಸ್ಟಿನಲ್ಲಿ ಬಾಗಿಲು ಹಾಕಿದರು. ಹಾಕುವ ಮೊದಲೇ ಒಂದೆರಡು ಬೀದಿ ಆಚೆ ಚಾವಣಿ, ಬೆಂಚು, ದೀಪ ಎಲ್ಲ ಇರುವ ತಾತ್ಕಾಲಿಕ ನಿಲ್ದಾಣ ತಯಾರಿತ್ತು. ಅದು ನಡೆದದ್ದು ಎಂಟು ವರ್ಷ. 2018ರ ಆಗಸ್ಟಿನಲ್ಲಿ ಹೊಸದು ತೆರೆಯಿತು. ಆರು ವಾರದಲ್ಲಿ ಉಕ್ಕಿನ ತೊಲೆಗಳಲ್ಲಿ ಬಿರುಕು ಕಂಡು ಮುಚ್ಚಿದರು. ಬಸ್ಸುಗಳು ಮತ್ತೆ ಅದೇ ತಾತ್ಕಾಲಿಕ ನಿಲ್ದಾಣಕ್ಕೆ! ಸುಮಾರು ಇನ್ನೊಂದು ವರ್ಷ. ತಾತ್ಕಾಲಿಕವನ್ನು ಗಟ್ಟಿಯಾಗಿ ಕಟ್ಟಿದ್ದರಿಂದ ಊರು ಉಸಿರಾಡಿತು. ನೂರಾರು ಕೋಟಿ ಡಾಲರಿನ ಕಟ್ಟಡದಲ್ಲೂ ತೊಲೆ ಬಿರುಕು ಬಿಡುತ್ತದೆ ಎಂಬುದು ನನ್ನಂಥವನಿಗೆ ಸಣ್ಣ ಸಮಾಧಾನ, ಅದನ್ನು ಒಪ್ಪಿಕೊಳ್ಳುತ್ತೇನೆ.

ಅಲ್ಲಿ ಇನ್ನೂ ಒಂದು ಗಮನಿಸಿದೆ. ಸುತ್ತಲಿನ ಸರ್ಕಾರಿ ನಿವೇಶನಗಳನ್ನು ಗಗನಚುಂಬಿಗಳಿಗೆ ಮಾರಿ ನಿಲ್ದಾಣಕ್ಕೆ ದುಡ್ಡು ಹೊಂದಿಸಿದರು, ನಿಲ್ದಾಣದ ತಲೆ ಮೇಲೆ 5.4 ಎಕರೆ ಉದ್ಯಾನ ಮಾಡಿದರು, ಹೆಸರನ್ನೂ ಒಂದು ಕಂಪನಿಗೆ ಮಾರಿದರು. ಆದರೆ ಬಸ್ಸನ್ನು ಮಾತ್ರ ಅಲ್ಲಿಂದ ಕದಲಿಸಲಿಲ್ಲ. ಆ ನಿವೇಶನಗಳಿಗೆ ಬೆಲೆ ಬಂದದ್ದೇ ನಿಲ್ದಾಣ ಇರುವುದರಿಂದ. ನಾವು ಬಸ್ಸನ್ನು ಓಡಿಸಿ ಅದು ತಂದ ಬೆಲೆಯನ್ನು ಮಾರಲು ಹೋಗುತ್ತೇವೆ. ಹಸುವನ್ನು ಸಂತೆಗೆ ಹೊಡೆದು ಹಾಲಿಗೆ ಪಾತ್ರೆ ಹಿಡಿದು ಕೂತಂತೆ. ಈ ಕಸುಬಿನಲ್ಲಿ ನಾನು ಕಲಿತದ್ದು ಇದೊಂದೇ ಎಂದರೂ ನಡೆದೀತು.

9. ಡ್ರಾಯಿಂಗಿನಲ್ಲಿ ಶೇಂಗಾ ಬುಟ್ಟಿಗೆ ಜಾಗ ಇದೆಯೇ?

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವುದಾದರೆ 30 ದಿನದ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ಇಡಬೇಕು. ಕಾಯ್ದೆ ಅಷ್ಟು ಹೇಳುತ್ತದೆ. ಸಾರ್ವಜನಿಕ ಸಭೆಯಲ್ಲಿ ನಾನು ಪ್ರೊಜೆಕ್ಟರ್ ಹಚ್ಚಿ ಗಾಜಿನ ಕಟ್ಟಡ ತೋರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಶೇಂಗಾ ಮಾರುವ ಹೆಂಗಸೊಬ್ಬಳು ಎದ್ದು, ‘ಅಣ್ಣಾ, ಇದರಾಗೆ ನಾನೆಲ್ಲಿದೀನಿ?’ ಅಂದಳು. ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ.

ಪ್ರತಿ ಎರಡು ಬೇಗಳ ನಡುವೆ ಕಂಬಕ್ಕೆ ಒರಗಿ ಕೂರುವಷ್ಟು ಅಗಲ, ನಾಲ್ಕಡಿ ಚದರ, ನೀರು ನಿಲ್ಲದ ನೆಲ, ಮೇಲೊಂದು ದೀಪ. ಅಷ್ಟನ್ನು ತಿದ್ದುಪಡಿ ಡ್ರಾಯಿಂಗಿನಲ್ಲಿ ಬರೆದೆ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ‘ಮಳಿಗೆ ಹಂಚಿಕೆಯಲ್ಲಿ ಆದ್ಯತೆ’ ಎಂಬ ಭರವಸೆಯನ್ನು ಮಾತ್ರ ನಂಬಬೇಡಿ. ಮಳಿಗೆ ಹರಾಜಿಗೆ ಹೋಗುತ್ತದೆ, ಹರಾಜಿನ ಠೇವಣಿ ಕಟ್ಟುವ ಶಕ್ತಿ ಬುಟ್ಟಿಗೆ ಇರುವುದಿಲ್ಲ.

10. ಹೆಂಗಸರ ಶೌಚಾಲಯವನ್ನು ದುಪ್ಪಟ್ಟು ಮಾಡಿ, ಆಮೇಲೆ ಮತ್ತೆ ಯೋಚಿಸಿ

ನಮ್ಮ ಡ್ರಾಯಿಂಗ್ ಮಂಜೂರಾದದ್ದು ಶಕ್ತಿ ಯೋಜನೆಗೆ ಮೊದಲು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು. ಮಾರನೆ ವಾರವೇ ನಮ್ಮ ಲೆಕ್ಕಾಚಾರ ಕಸದ ಬುಟ್ಟಿಗೆ. ಗಂಡಸರ ಕಡೆ ಖಾಲಿ, ಹೆಂಗಸರ ಕಡೆ ಬಾಗಿಲಿನಿಂದಾಚೆ ಸಾಲು. ಹಾಲೂಡಿಸುವ ಕೋಣೆಯನ್ನು ಕಡತಕ್ಕಾಗಿ ಒಂದು ಮೂಲೆಯಲ್ಲಿ ಬರೆದಿದ್ದೆವು. ಅಲ್ಲಿ ಪೊರಕೆ, ಬಕೆಟ್ಟು ಇಟ್ಟಿದ್ದರು. ನೀರಿನ ಸಂಪು, ಒಳಚರಂಡಿ ಕೊಳವೆ ಇವನ್ನು ಮೊದಲೇ ದೊಡ್ಡದಾಗಿ ಹಾಕಿ. ಗೋಡೆ ಒಡೆದು ಕೋಣೆ ಹೆಚ್ಚಿಸಬಹುದು, ನೆಲದಡಿಯ ಕೊಳವೆ ಹಿಗ್ಗುವುದಿಲ್ಲ.

11. ಹೆಸರು ಬದಲಿಸಲು ದುಡ್ಡು ಖರ್ಚು ಮಾಡಬೇಡಿ

ಮೆಜೆಸ್ಟಿಕ್ ಟಾಕೀಸು ಇಲ್ಲ, ಹೆಸರಿದೆ. ಅಧಿಕೃತವಾಗಿ ಅದು ಕೆಂಪೇಗೌಡ ಬಸ್ ನಿಲ್ದಾಣ, ಕಂಡಕ್ಟರ್ ಕೂಗುವುದು ‘ಮೆಜೆಸ್ಟಿಕ್’.

12. ಮೂವತ್ತು ವರ್ಷಕ್ಕೆ ಸಹಿ ಹಾಕುವ ಮೊದಲು

ಹಳೆ ಬಸ್‌ಸ್ಟ್ಯಾಂಡಿನ ಜಾಗವನ್ನು ಇಡಿಯಾಗಿ ಒಬ್ಬನಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಡುವುದು ಅಧಿಕಾರಿಗಳಿಗೆ ಸುಲಭ. ಒಂದೇ ಕಡತ, ಒಂದೇ ಸಹಿ. ಸ್ಮಾರ್ಟ್ ಸಿಟಿ ಮಿಷನ್ ಹಣದಲ್ಲಿ ತುಮಕೂರು, ದಾವಣಗೆರೆ, ಹುಬ್ಬಳ್ಳಿಯ ನಿಲ್ದಾಣಗಳನ್ನು ಕೆಡವಿ ಕಟ್ಟಿದ್ದು ಬೇರೆ ಮಾತು, ಅಲ್ಲಿ ಬಸ್ಸು ಉಳಿಯಿತು, ಅನುದಾನವಿತ್ತು. ಆ ಮಿಷನ್ 2025ರ ಮಾರ್ಚಿಗೆ ಮುಗಿಯಿತು. ಇನ್ನು ಮುಂದೆ ಬರುವ ಊರುಗಳಿಗೆ ಖಾಸಗಿಯವರ ದುಡ್ಡೇ ಗತಿ. ಹಾಗಿದ್ದರೆ ಜಾಗವನ್ನು ತುಂಡು ಮಾಡಿ ಕೊಡಿ. ಮೊದಲು ನೆಲ ಅಂತಸ್ತು ಕಟ್ಟಿ ಬಸ್ಸು ತನ್ನಿ, ಮೇಲಿನ ಮಹಡಿಗೆ ಅಡಿಪಾಯ ಹಾಕಿಡಿ, ಬಾಡಿಗೆ ನೋಡಿಕೊಂಡು ಮೇಲೇರಿ. ಕೆಲಸ ನಿಂತರೆ ಗುಂಡಿಯನ್ನು ಯಾರ ಖರ್ಚಿನಲ್ಲಿ ಮುಚ್ಚಬೇಕು ಎಂಬ ಒಂದು ಷರತ್ತು ಕರಾರಿನಲ್ಲಿ ಇರಲಿ. ನಾನು ನೋಡಿದ ಕರಾರುಗಳಲ್ಲಿ ಇಲ್ಲದೇ ಇದ್ದದ್ದು ಅದೊಂದೇ.

ನಮ್ಮ ಊರಿನಲ್ಲಿ ಆ ಬುದ್ಧಿ ತಡವಾಗಿ ಬಂತು. ಅಷ್ಟರಲ್ಲಿ ಎರಡು ಮಹಡಿ ಎದ್ದಿತ್ತು. ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ಕೆಳಗೆ ಹಳ್ಳಿ ಬಸ್ಸುಗಳು ತುಂಬಿದ್ದವು. ನಾಲ್ಕನೇ ಬೇಯ ಕಂಬಕ್ಕೆ ಒರಗಿ ಆ ಹೆಂಗಸು ಶೇಂಗಾ ಹುರಿಯುತ್ತಿದ್ದಳು, ಹತ್ತು ರೂಪಾಯಿಗೆ ಒಂದು ಪೊಟ್ಟಣ. ಮೇಲಿನ ಮಹಡಿ ಖಾಲಿ. ‘ಬಾಡಿಗೆಗೆ ಕೊಡಲಾಗುವುದು’ ಎಂಬ ಬ್ಯಾನರಿನ ಬಣ್ಣ ಹೋಗಿ ಫೋನ್ ನಂಬರಿನ ಕೊನೆಯ ಎರಡು ಅಂಕಿ ಕಾಣುತ್ತಿರಲಿಲ್ಲ.